ಕುಟುಂಬದ ಗುಂಪಿನಲ್ಲಿ ಒಂದು ವೈನ್ ಲೇಬಲ್

ಶನಿವಾರ ಬೆಳಿಗ್ಗೆ ಪ್ರಶಾಂತ ಕ್ಯಾಲಿಫೋರ್ನಿಯಾದಿಂದ ನಮ್ಮ ‘ಹೊಸಮನೆ ಕುಟುಂಬ’ ಗುಂಪಿಗೆ ವೈನ್ ಬಾಟಲಿಯ ಫೋಟೋ ಒಂದನ್ನು ಹಾಕಿದ. ಲೇಬಲ್ ಮೇಲೆ ‘ಓಲ್ಡ್ ಹಿಲ್ ರಾಂಚ್, ಜಿನ್‌ಫ್ಯಾಂಡೆಲ್, ಸೊನೋಮಾ ವ್ಯಾಲಿ’. ‘ನೂರು ವರ್ಷ ದಾಟಿದ ಬಳ್ಳಿಗಳ ಹಣ್ಣಿನದು’ ಅಂತ ಕೆಳಗೆ ಅವನ ಒಕ್ಕಣೆ. ಜಿನ್‌ಫ್ಯಾಂಡೆಲ್ ಅನ್ನುವುದು ದ್ರಾಕ್ಷಿಯ ಒಂದು ಜಾತಿ, ಸೊನೋಮಾ ವ್ಯಾಲಿ ಅದು ಬೆಳೆದ ಪ್ರದೇಶ. ಮುಂದಿನದು ಹೀಗಾಯಿತು. ಗುಡ್ ಮಾರ್ನಿಂಗ್ ಹೂವುಗಳನ್ನು ತೆಗೆದಿದ್ದೇನೆ.

ಸುಶೀಲತ್ತೆ: ಇವತ್ತು ಏಕಾದಶಿ ಕಣೋ. ಇದನ್ನೆಲ್ಲ ನಿನ್ನ ಫ್ರೆಂಡ್ಸ್ ಗುಂಪಿನಲ್ಲಿ ಹಾಕಿಕೋ.

ರಘು ಮಾವ: ಹಾಕಲಿ ಬಿಡು ಸುಶೀಲಾ, ನಮಗೇನು ಕುಡಿಯೋದಕ್ಕೆ ಕೊಟ್ಟಿಲ್ಲವಲ್ಲ. ಆದರೆ ಪ್ರಶಾಂತ, ಈ ಹೆಸರುಗಳೆಲ್ಲ ಕಂಪನಿಯವರು ಕೂತು ಕಟ್ಟಿದ್ದು. ‘ಹಳೇ ಗುಡ್ಡ’ ಅಂದರೆ ನಾಲ್ಕು ಕಾಸು ಜಾಸ್ತಿ ಬರುತ್ತದೆ. ನಮ್ಮಲ್ಲಿ ಲೇಔಟಿಗೆ ‘ಗ್ರೀನ್ ವ್ಯಾಲಿ’ ಅಂತ ಹೆಸರಿಡುವುದಿಲ್ಲವಾ? ಅಲ್ಲಿ ಗ್ರೀನೂ ಇಲ್ಲ, ವ್ಯಾಲಿಯೂ ಇಲ್ಲ.

ಪ್ರಶಾಂತ: ಮಾವ, ಅದು ಗುಡ್ಡ ಅಲ್ಲ, ಮನುಷ್ಯ. ವಿಲಿಯಂ ಮ್ಯಾಕ್‌ಫರ್ಸನ್ ಹಿಲ್ ಅಂತ. 1850ರ ದಶಕದಲ್ಲಿ ಗ್ಲೆನ್ ಎಲೆನ್ ಊರಿನ ಹತ್ತಿರ ತೋಟ ಮಾಡಿದವನು. ಬೇರಿಗೆ ಫಿಲಾಕ್ಸೆರಾ ಹುಳ ಬಿದ್ದು ಬಳ್ಳಿ ಹಾಳಾದ ಮೇಲೆ 1880ರ ದಶಕದಲ್ಲಿ ಮತ್ತೆ ನೆಟ್ಟರು. ಅವು ಈಗಲೂ ಹಣ್ಣು ಬಿಡುತ್ತಿವೆ.

ರಘು ಮಾವ: ಇರಬಹುದಪ್ಪ. ಓದಿದವನಿಗೆ ಮಾತ್ರ ಗುಡ್ಡವೇ ಕಣ್ಣ ಮುಂದೆ ಬರುವುದು. ಬರಲಿ ಅಂತಲೇ ಸುಮ್ಮನಿದ್ದಾರೆ.

ನಾನು: ಇಲ್ಲಿ ಎರಡು ವಿಷಯ ಬೇರೆ ಮಾಡಬೇಕು ಮಾವ. ‘ಹಳೇ ಬಳ್ಳಿ’ ಅನ್ನುವ ಮಾತಿಗೆ ಅಮೆರಿಕದ ಕಾನೂನಿನಲ್ಲಿ ವ್ಯಾಖ್ಯೆ ಇಲ್ಲ. ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ತೋಟದ ಹೆಸರು ಹಾಗಲ್ಲ. ಅದನ್ನು ಹಾಕಿದರೆ 95% ಹಣ್ಣು ಅದೇ ತೋಟದ್ದಾಗಿರಬೇಕು. ದ್ರಾಕ್ಷಿ ಜಾತಿಯ ಹೆಸರಿಗೆ 75% ಸಾಕು. ಅಂದರೆ ಆ ಲೇಬಲ್ ಮೇಲೆ ಎಲ್ಲಕ್ಕಿಂತ ಬಿಗಿಯಾದ ಮಾತು ತೋಟದ ಹೆಸರೇ.

ಪ್ರಶಾಂತ: ಥ್ಯಾಂಕ್ಸ್ ಶೈಲಾ. ‘ಹಿಸ್ಟಾರಿಕ್ ವೈನ್‌ಯಾರ್ಡ್ ಸೊಸೈಟಿ’ ಅಂತ ಒಂದಿದೆ. ತೋಟ ನೆಟ್ಟು 50 ವರ್ಷ ಆಗಿರಬೇಕು, ಈಗ ಫಲ ಕೊಡುವ ಬಳ್ಳಿಗಳಲ್ಲಿ ಮೂರನೇ ಒಂದು ಭಾಗವಾದರೂ ಆ ಮೊದಲ ನೆಡುವಿಕೆಯದ್ದಿರಬೇಕು. ಆಗ ಮಾತ್ರ ಪಟ್ಟಿಗೆ ಸೇರಿಸುತ್ತಾರೆ.

ದತ್ತಣ್ಣ ಆಗ ತಾನೇ ತೋಟದಿಂದ ಬಂದ ಅಂತ ಕಾಣುತ್ತೆ. ದೊಡ್ಡಬಳ್ಳಾಪುರದ ಹತ್ತಿರ ಬೆಂಗಳೂರು ಬ್ಲೂ ಬೆಳೆಯುವವನು, ಹೆಸರಿನ ಗೋಜಿಗೇ ಹೋಗಲಿಲ್ಲ.

ದತ್ತಣ್ಣ: ವಯಸ್ಸಾದ ಬಳ್ಳಿಯಲ್ಲಿ ಇಳುವರಿ ಬಿದ್ದುಹೋಗುತ್ತದೆ. ನಾನಾಗಿದ್ದರೆ ಕಿತ್ತು ಹೊಸದು ನೆಡುತ್ತಿದ್ದೆ. ಅವರು ಯಾಕೆ ಕೀಳಲಿಲ್ಲ? ಚಪ್ಪರ ಯಾವ ಥರ ಹಾಕಿದ್ದಾರೆ?

ಪ್ರಶಾಂತ: ಚಪ್ಪರವೇ ಇಲ್ಲ ದತ್ತಣ್ಣ, ತಂತಿಯೂ ಇಲ್ಲ. ಸೊಂಟದೆತ್ತರಕ್ಕೆ ಒಂದೊಂದೂ ಬಿಡಿಬಿಡಿಯಾಗಿ ನಿಂತಿರುತ್ತವೆ. ಕಾಂಡ ಕಪ್ಪಗೆ ತಿರುಚಿಕೊಂಡಿದೆ, ಸಿಪ್ಪೆ ಎದ್ದಿದೆ, ಕೆಲವು ಒಳಗೆ ಟೊಳ್ಳು. ತಲೆಯ ಮೇಲೆ ಮಾತ್ರ ಹಸಿರು ಚಿಗುರು. ಇಂಥ ಎಷ್ಟೋ ತೋಟಗಳಿಗೆ ನೀರನ್ನೂ ಹಾಯಿಸುವುದಿಲ್ಲ, ಮಳೆಯೇ ಗತಿ. ಮತ್ತೆ ಎಲ್ಲವೂ ಜಿನ್‌ಫ್ಯಾಂಡೆಲ್ ಅಲ್ಲ. ನಡುನಡುವೆ ಪೆಟಿಟ್ ಸಿರಾ, ಕ್ಯಾರಿನ್ಯಾನ್, ಅಲಿಕಾಂಟೆ ಬೂಶೆ. ಅಲಿಕಾಂಟೆ ಹಣ್ಣು ಹಿಸುಕಿದರೆ ರಸವೇ ಕೆಂಪು, ಬೆರಳಿಗೆ ಬಣ್ಣ ಹತ್ತುತ್ತದೆ.

ಪ್ರಶಾಂತ: ಯಾಕೆ ಕೀಳಲಿಲ್ಲ ಅಂದರೆ, 1920ರಿಂದ 1933ರವರೆಗೆ ಅಲ್ಲಿ ಪಾನನಿಷೇಧ. ಆದರೆ ಮನೆ ಮಟ್ಟಿಗೆ ವೈನ್ ಮಾಡಿಕೊಳ್ಳಲು ಅಡ್ಡಿ ಇರಲಿಲ್ಲ. ಹಾಗಾಗಿ ಹಣ್ಣನ್ನು ರೈಲಿಗೆ ತುಂಬಿ ಪೂರ್ವದ ಊರುಗಳಿಗೆ ಕಳಿಸಿದರು. ಆಮೇಲೆ 1970ರ ದಶಕದಲ್ಲಿ ತೆಳು ಗುಲಾಬಿ ಬಣ್ಣದ, ಸಿಹಿಯಾದ ‘ವೈಟ್ ಜಿನ್‌ಫ್ಯಾಂಡೆಲ್’ ಬಂತು. ವೈನ್ ಪಂಡಿತರು ಮೂಗು ಮುರಿದರು, ಜನ ಕುಡಿದರು. ಅದರ ದೆಸೆಯಿಂದ ಎಷ್ಟೋ ಬಳ್ಳಿ ಉಳಿಯಿತು. ತೋಟ ಬಿಡದೆ ಇದ್ದವರಲ್ಲಿ ಇಟಲಿಯಿಂದ ಬಂದವರು ಬಹಳ. ಲೇಬಲ್‌ಗಳಲ್ಲಿ ಪಗಾನಿ, ಡೂಸಿ, ಟೆಲ್ಡೆಸ್ಕಿ ಅಂತೆಲ್ಲ ಕಾಣುವುದು ಅದಕ್ಕೇ.

ಮಾವ ಅರ್ಧ ಗಂಟೆ ಕಾಣೆ. ಜಗಳಕ್ಕಿಳಿದರೆ ಓದಿಕೊಂಡೇ ಬರುವ ಮನುಷ್ಯ.

ರಘು ಮಾವ: ಬೆಡ್‌ರಾಕ್ ಅನ್ನುವ ತೋಟ ನೋಡಿದೆ. 1854ರಲ್ಲಿ ಶುರು ಮಾಡಿದವರು ಶೆರ್ಮನ್ ಮತ್ತು ಹುಕರ್, ಆಮೇಲೆ ಅಮೆರಿಕದ ಅಂತರ್ಯುದ್ಧದಲ್ಲಿ ಜನರಲ್‌ಗಳಾದರಲ್ಲ, ಅವರೇ. 1880ರ ದಶಕದ ಕೊನೆಗೆ ಮತ್ತೆ ನೆಡಿಸಿದವನು ಸೆನೆಟರ್ ಜಾರ್ಜ್ ಹರ್ಸ್ಟ್. ಬಳ್ಳಿ ಅವನ ಕಾಲದ್ದು, ಆದರೆ ‘ಬೆಡ್‌ರಾಕ್’ ಅನ್ನುವ ಹೆಸರು ಈ ಶತಮಾನದಲ್ಲಿ ಕೊಂಡವರು ಇಟ್ಟದ್ದು. ಈಗ ಹೇಳು, ಕಟ್ಟಿದ ಹೆಸರು ಹೌದೋ ಅಲ್ಲವೋ?

ಪ್ರಶಾಂತ: ಹೆಸರು ಹೊಸದಾದರೆ ಮೋಸ ಹೇಗಾಗುತ್ತದೆ ಮಾವ? 1938ರಲ್ಲಿ ಲೂಯಿ ಮಾರ್ಟಿನಿ ಅನ್ನುವ ವೈನ್ ತಯಾರಕ ಒಂದು ಬೆಟ್ಟದ ತೋಟ ಕೊಂಡ. ಅದಕ್ಕೆ ಮೌಂಟ್ ಪಿಸ್ಗಾ ಅಂತ ಬೈಬಲ್ಲಿನ ಹೆಸರಿತ್ತು. ಜ್ವಾಲಾಮುಖಿ ಮಣ್ಣು, ಕೆಂಪಗಿದೆ. ಇಟಾಲಿಯನ್ನಿನಲ್ಲಿ ‘ಮಾಂಟೆ ರೊಸ್ಸೊ’ ಅಂತ ಕರೆದ. ನಿಮಗೆ ಗುಡ್ಡ ಬೇಕಿದ್ದರೆ ಇಗೋ, ಇದು ನಿಜವಾದ ಕೆಂಪು ಗುಡ್ಡ. ಲಿಟ್ಟನ್ ಸ್ಪ್ರಿಂಗ್ಸ್ ಅನ್ನುವ ತೋಟದ ಕತೆ ಇನ್ನೂ ಮಜಾ. ಕ್ಯಾಪ್ಟನ್ ಲಿಟ್ಟನ್ ಅನ್ನುವವನ ಜಾಗ ಅದು. ಬರೆಯುತ್ತಾ ಬರೆಯುತ್ತಾ ಅವನ ಹೆಸರಿನ ‘ಐ’ ಅಕ್ಷರ ‘ವೈ’ ಆಯಿತು. ಅದನ್ನು ಯಾವ ಕಂಪನಿ ಕೂತು ಕಟ್ಟಿತು?

ನಾನು: ಹೆಸರಿಗೆ ನಿಜವಾದ ಜಗಳ ಆಗಿದ್ದು ಅಮಡೋರ್ ಕೌಂಟಿಯಲ್ಲಿ. 1869ಕ್ಕೂ ಮೊದಲೇ ನೆಟ್ಟ ಜಿನ್‌ಫ್ಯಾಂಡೆಲ್ ತೋಟ ಅದು. ‘ಗ್ರಾಂಪೇರ್’, ಅಂದರೆ ಫ್ರೆಂಚಿನಲ್ಲಿ ಅಜ್ಜ, ಅಂತ ಅದರ ಹೆಸರು. ಆ ಹೆಸರನ್ನು ಒಂದು ವೈನರಿ ಟ್ರೇಡ್‌ಮಾರ್ಕ್ ಮಾಡಿಕೊಂಡಿತು. ಆಮೇಲೆ ಅದೇ ತೋಟದ ಹಣ್ಣು ಕೊಂಡ ಬೇರೆಯವರು ಆ ಹೆಸರು ಹಾಕುವ ಹಾಗಿಲ್ಲ. ಒಬ್ಬರು ‘ಒರಿಜಿನಲ್ ಗ್ರಾಂಪೇರ್’ ಅನ್ನುವುದನ್ನು ಚಿಕ್ಕದು ಮಾಡಿ ‘ಓಜಿಪಿ’ ಅಂತ ಮೂರಕ್ಷರ ಹಾಕಿದರು, ಇನ್ನೊಬ್ಬರು ‘1869’ ಅಂತ ಇಸವಿಯನ್ನೇ ಹಾಕಿದರು. ಬಳ್ಳಿ ಒಬ್ಬರ ಹತ್ತಿರ, ಹೆಸರು ಇನ್ನೊಬ್ಬರ ಹತ್ತಿರ.

ರಘು ಮಾವ: ನೋಡಿದೆಯಾ! ಹೆಸರು ಅಂದರೆ ವ್ಯಾಪಾರವೇ.

ದತ್ತಣ್ಣ: ನೀವಿಬ್ಬರೂ ಮಾಲೀಕರ ವಿಷಯವನ್ನೇ ಮಾತಾಡುತ್ತಿದ್ದೀರಿ. ಹಿಲ್, ಹರ್ಸ್ಟ್, ಮಾರ್ಟಿನಿ. ಸೆನೆಟರ್ ಬಂದು ಗುಂಡಿ ತೋಡಿದನಾ? ಚಾಟನಿ ಮಾಡುವಾಗ, ಅಂದರೆ ಬಳ್ಳಿ ಸವರುವಾಗ, ಚಿಗುರೊಡೆಯುವ ಎರಡು ಕಣ್ಣು ಬಿಡಬೇಕಾ, ಮೂರು ಬಿಡಬೇಕಾ ಅಂತ ಬಳ್ಳಿ ನೋಡಿ ಕತ್ತರಿ ಹಾಕುವವನು ಯಾರು? ಒಂದು ವರ್ಷ ತಪ್ಪಾಗಿ ಕತ್ತರಿಸಿದರೆ ಮೂರು ವರ್ಷ ಅನುಭವಿಸಬೇಕು. ನೂರು ವರ್ಷ ಉಳಿಸಿದವನು ಅವನು. ಅವನ ಹೆಸರು ಯಾವ ಲೇಬಲ್ಲಿನಲ್ಲಿದೆ?

ಪ್ರಶಾಂತ: ಇದನ್ನು ಒಪ್ಪಲೇಬೇಕು. 19ನೇ ಶತಮಾನದಲ್ಲಿ ಸೊನೋಮಾದ ತೋಟಗಳಲ್ಲಿ ಚೀನೀ ಕೂಲಿಯವರು ಬಹಳ ದುಡಿದರು. 1882ರ ಕಾಯ್ದೆ ಅವರು ಬರುವುದನ್ನೇ ನಿಲ್ಲಿಸಿತು. ಈಗ ಕತ್ತರಿ ಹಿಡಿಯುವವರಲ್ಲಿ ಹೆಚ್ಚಿನವರು ಮೆಕ್ಸಿಕೋ ಮೂಲದವರು. ಆ ಹೆಸರುಗಳು ನಾನು ನೋಡಿದ ಲೇಬಲ್‌ಗಳಲ್ಲಿ ಇಲ್ಲ.

ರಘು ಮಾವ: ಅದೇ ಮತ್ತೆ. ಜಮೀನಿನ ಪತ್ರ ಯಾರ ಹೆಸರಲ್ಲಿದೆಯೋ ಲೇಬಲ್ ಅವರ ಹೆಸರಲ್ಲಿ.

ಪ್ರಶಾಂತ: ಎಲ್ಲಾ ಕಡೆ ಹಾಗಲ್ಲ ಮಾವ. ಪಾಸೊ ರೋಬಲ್ಸ್‌ನಲ್ಲಿ ಬೆನಿಟೊ ಡೂಸಿ ಅಂತ ಒಬ್ಬರಿದ್ದರು. ತೋಟವೂ ಅವರದೇ, ಜೀವಮಾನವೆಲ್ಲ ಅದರೊಳಗೆ ದುಡಿದವರೂ ಅವರೇ. ರಿಡ್ಜ್ ಅನ್ನುವ ವೈನ್ ಕಂಪನಿ ಆ ತೋಟದ ಹಣ್ಣಿನಿಂದ ಮಾಡಿದ ಬಾಟಲಿಯ ಮೇಲೆ ‘ಬೆನಿಟೊ ಡೂಸಿ ರಾಂಚ್’ ಅಂತಲೇ ಹಾಕಿದೆ.

ದತ್ತಣ್ಣ: ಹಾಗಾದರೆ ಆ ಬಾಟಲಿ ತೆಗೆದುಕೋ. ಅಲ್ಲಿಗೆ ಹೋದರೆ ಕತ್ತರಿ ಹಾಕಿದ ಮೇಲೆ ಬಳ್ಳಿ ಹೇಗಿರುತ್ತೆ, ಹತ್ತಿರದಿಂದ ಒಂದು ಫೋಟೋ ಕಳಿಸು. ಎಷ್ಟು ಕಣ್ಣು ಬಿಟ್ಟಿದ್ದಾರೆ ನೋಡಬೇಕು.