ಐದರ ಹತ್ತಿರ ಬಂದ ಮಗುವನ್ನು ಮಾಂಟೆಸ್ಸೊರಿಗೆ ಸೇರಿಸಬಹುದಾ?

ಪ್ರಶ್ನೆ (ಗಂಗಾವತಿಯಿಂದ ಒಬ್ಬ ತಾಯಿ):
ಮೇಡಂ ನಮಸ್ಕಾರ ರೀ. ನನ್ನ ಮಗಳಿಗೆ ಈ ಮೇ ತಿಂಗಳಿಗೆ 4 ವರ್ಷ 8 ತಿಂಗಳು. ನಾವಿಬ್ಬರೂ ಕೆಲಸಕ್ಕೆ ಅಂತ ಬೆಂಗಳೂರಲ್ಲಿದ್ದೆವು, ಅವಳು ಕಾರಟಗಿ ಹತ್ತಿರದ ಊರಲ್ಲಿ ಅಜ್ಜಿ ಜೊತೆ ಬೆಳೆದಳು. ಆಗಾಗ ಅಂಗನವಾಡಿಗೆ ಹೋಗಿದ್ದಾಳೆ, ಅಷ್ಟೇ. ಈಗ ಎಲ್ಲರೂ ಗಂಗಾವತಿಗೆ ಬಂದಿದ್ದೇವೆ. ಇಲ್ಲಿ ಒಂದು ಮಾಂಟೆಸ್ಸೊರಿ ಶಾಲೆಯಲ್ಲಿ ಕೇಳಿದರೆ ಎರಡೂವರೆ, ಮೂರಕ್ಕೇ ಬರಬೇಕಿತ್ತು, ತಡ ಆಯ್ತು ಅಂದರು, ಬೇಕಿದ್ದರೆ ಸೇರಿಸಿಕೊಳ್ಳುತ್ತೇವೆ ಅಂತಲೂ ಅಂದರು. ಓಣಿಯಲ್ಲಿ ಅವಳ ವಯಸ್ಸಿನವರು ಎಬಿಸಿಡಿ ಬರೆಯುತ್ತಾರೆ, ನೂರರ ತನಕ ಅಂಕಿ ಬರೆಯುತ್ತಾರೆ. ಇವಳಿಗೆ ತನ್ನ ಹೆಸರು ಬರೆಯೋಕೂ ಬರಲ್ಲ. ತಪ್ಪು ಮಾಡಿಬಿಟ್ಟೆವಾ ಅಂತ ರಾತ್ರಿ ನಿದ್ದೆ ಬರುತ್ತಿಲ್ಲ. ಅಲ್ಲೇ ಸೇರಿಸಲಾ, ಇಲ್ಲಾ ಸೀದಾ ಯುಕೆಜಿಗೆ ಹಾಕಲಾ?

ಉತ್ತರ (ಬಳ್ಳಾರಿಯ ಮಾಂಟೆಸ್ಸೊರಿ ಶಿಕ್ಷಕಿ):
ನಮಸ್ಕಾರ ಅಮ್ಮಾ. ಮೊದಲು ಒಂದು ಲೆಕ್ಕ ಹಾಕೋಣ. 1ನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು. ನಿಮ್ಮ ಮಗಳಿಗೆ 6 ತುಂಬೋದು ಮುಂದಿನ ವರ್ಷದ ಸೆಪ್ಟೆಂಬರಿಗೆ. ಅಂದರೆ ಮುಂದಿನ ಜೂನ್‌ನಲ್ಲಿ ಅವಳು 1ನೇ ತರಗತಿಗೆ ಹೋಗೋ ಹಾಗಿಲ್ಲ, ಅದರ ಮುಂದಿನ ಜೂನ್‌ಗೆ ಹೋಗಬೇಕು. ನಿಮ್ಮ ಕೈಯಲ್ಲಿ ಪೂರ್ತಿ ಎರಡು ವರ್ಷ ಇದೆ! 2025ರಲ್ಲಿ ಒಂದು ವರ್ಷದ ಮಟ್ಟಿಗೆ 5 ವರ್ಷ 5 ತಿಂಗಳಿಗೆ ಸಡಿಲ ಮಾಡಿದ್ದರು. ಅಂಥದ್ದು ಮತ್ತೆ ಬಂದರೂ ನೀವು ಅದನ್ನು ಬಳಸಿಕೊಳ್ಳಬೇಡಿ, ಆ ಎರಡು ವರ್ಷ ಅವಳದ್ದು.

ನಾನು ಹದಿನೇಳು ವರ್ಷದಿಂದ ಈ ಕೆಲಸದಲ್ಲಿದ್ದೇನೆ. ಮಾಂಟೆಸ್ಸೊರಿ ಅಂದರೆ ಮೂರರಿಂದ ಆರರ ತನಕದ ಮಕ್ಕಳು ಒಂದೇ ಕೋಣೆಯಲ್ಲಿದ್ದು, ಸಾಮಾನು ಕೈಯಲ್ಲಿ ಹಿಡಿದು ಕೆಲಸ ಮಾಡುತ್ತಾ ಕಲಿಯೋ ಪದ್ಧತಿ, ಮೂರು ವರ್ಷದ್ದು. ತಡವಾಗಿ ಬಂದ ಮಕ್ಕಳಿಗಿಂತ ಬೇಗ ಬಿಟ್ಟು ಹೋದ ಮಕ್ಕಳನ್ನು ನೋಡಿ ನನಗೆ ಜಾಸ್ತಿ ಸಂಕಟ ಆಗಿದೆ. ಮೂರಕ್ಕೆ ಸೇರಿಸಿ ನಾಲ್ಕೂವರೆಗೆ 'ಇನ್ನೂ ಏನೂ ಬರೆಯಲ್ಲ' ಅಂತ ಬಿಡಿಸಿಕೊಂಡು ಹೋಗುತ್ತಾರೆ. ಎರಡು ವರ್ಷ ಕೈಯಲ್ಲಿ ಮಾಡಿದ್ದು ಮೂರನೇ ವರ್ಷಕ್ಕೆ ತಲೆಗೆ ಹತ್ತುತ್ತದೆ. ಅದು ಹತ್ತೋ ಹೊತ್ತಿಗೆ ಮಗುವೇ ಇರಲ್ಲ. ಹಾಗಾಗಿ ಯಾವಾಗ ಸೇರಿತು ಅನ್ನೋದಕ್ಕಿಂತ ಎಷ್ಟು ದಿನ ಇರುತ್ತದೆ ಅಂತ ನೋಡಿ.

ಇನ್ನೊಂದು ಮಾತು. 1907ರ ಜನವರಿ 6ಕ್ಕೆ ರೋಮ್‌ನ ಸ್ಯಾನ್ ಲೊರೆಂಜೊ ಅನ್ನೋ ಬಡವರ ಕೇರಿಯಲ್ಲಿ ಈ ಪದ್ಧತಿ ಶುರು ಮಾಡಿದ ಮರಿಯಾ ಮಾಂಟೆಸ್ಸೊರಿ 'ಮಕ್ಕಳ ಮನೆ' ಅನ್ನೋ ತಮ್ಮ ಮೊದಲ ಶಾಲೆ ತೆರೆದಾಗ, ಅಲ್ಲಿಗೆ ಬಂದವರಲ್ಲಿ ಐದು ವರ್ಷದವರೂ ಇದ್ದರು. ಅವರೆಲ್ಲ ಮೊದಲ ದಿನವೇ ಮೊದಲ ಸಲ ಬಂದವರು ಅಲ್ವಾ? ಶುರುವಿನ ತಿಂಗಳುಗಳಲ್ಲಿ ಅವರಿಗೆ ಅಕ್ಷರ ಕೊಟ್ಟಿರಲೇ ಇಲ್ಲ.

ಆದರೆ ತಡವಾಗಿ ಬಂದರೆ ಏನೂ ವ್ಯತ್ಯಾಸ ಇಲ್ಲ ಅಂತ ಸುಳ್ಳು ಹೇಳಲ್ಲ. ಅಕ್ಷರ, ಅಂಕಿಯಲ್ಲಿ ಆ ತೊಂದರೆ ಇಲ್ಲ, ಅದು ಬೇರೆ ಕಡೆ ಇದೆ. ನಮ್ಮಲ್ಲಿ ಐದಕ್ಕೆ ಸೇರಿದ ಒಬ್ಬ ಹುಡುಗ ಇದ್ದ. ಗುಂಡಿ ಹಾಕೋ ಚೌಕಟ್ಟು ಅಂತ ಇರುತ್ತದೆ, ಮರದ ಚೌಕಟ್ಟಿಗೆ ಎರಡು ಬಟ್ಟೆ ಹೊಲಿದು ದೊಡ್ಡ ಗುಂಡಿ ಇಟ್ಟಿರುತ್ತಾರೆ. ಪಕ್ಕದಲ್ಲಿ ಮೂರೂವರೆ ವರ್ಷದ ಹುಡುಗಿ ಐದೂ ಗುಂಡಿ ಹಾಕಿ, ತೆಗೆದು, ಮತ್ತೆ ಹಾಕಿದಳು. ಇವನ ಅಂಗಿಗೆ ಮನೆಯಲ್ಲಿ ಯಾವತ್ತೂ ಅಮ್ಮನೇ ಗುಂಡಿ ಹಾಕಿದ್ದು. ಒಂದು ಗುಂಡಿ ಅರ್ಧ ತೂರಿಸಿ ನಿಂತ, ಹುಡುಗಿಯ ಕೈ ನೋಡಿದ, ಚೌಕಟ್ಟು ತಿರುವಿ ಹಾಕಿ ಎದ್ದು ಹೋದ. ಮೂರು ವರ್ಷದ ಮಗುವಿಗೆ ಬರದಿದ್ದರೆ ನಾಚಿಕೆ ಆಗಲ್ಲ, ಐದು ವರ್ಷದ್ದಕ್ಕೆ ಆಗುತ್ತದೆ. ಅವನಿಗೆ ನಾನು ಮತ್ತೆ ಆ ಚೌಕಟ್ಟು ಕೊಡಲಿಲ್ಲ. ತಿಂಡಿ ಹೊತ್ತಿಗೆ ಎಲ್ಲರಿಗೂ ಸೌತೆಕಾಯಿ ಹೆಚ್ಚೋ ಕೆಲಸ ಕೊಟ್ಟೆ. ಹೆಚ್ಚೋಕೆ ಮುಂಚೆ ಏಪ್ರನ್ ಕಟ್ಟಬೇಕು, ಏಪ್ರನ್‌ಗೆ ಒಂದು ಗುಂಡಿ. ಮೂರನೇ ವಾರಕ್ಕೆ ಅವನೇ ಚಿಕ್ಕವರಿಗೆ ಹಾಕಿ ಕೊಡುತ್ತಿದ್ದ.

ಒಳ್ಳೆ ಶಿಕ್ಷಕಿ ಇದ್ದರೆ ದೊಡ್ಡ ಮಗುವನ್ನು ಪಿಂಕ್ ಟವರ್ ಹತ್ತಿರ ತಿಂಗಳುಗಟ್ಟಲೆ ಕೂರಿಸಲ್ಲ. ಒಂದರ ಮೇಲೊಂದು ಪೇರಿಸೋ, 1 ಸೆಂಟಿಮೀಟರಿನಿಂದ 10 ಸೆಂಟಿಮೀಟರ್ ತನಕದ ಹತ್ತು ಮರದ ಘನ ಅವು, ಐದರ ಮಗು ಬೇಗ ಮುಗಿಸಿ 'ಮುಂದೇನು' ಅನ್ನುತ್ತದೆ. ಆಗ ಲೆಕ್ಕ ಕಲಿಸೋ ಬಂಗಾರ ಬಣ್ಣದ ಮಣಿಗಳು. ಒಂದು ಮಣಿ, ಹತ್ತರ ಕಡ್ಡಿ, ನೂರರ ಚೌಕ, ಸಾವಿರದ ಘನ. ಸಾವಿರವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬರುವಾಗ ಮಗುವಿನ ಮುಖ ನೋಡಬೇಕು ನೀವು. ನೂರರ ತನಕ ಬಾಯಿಪಾಠ ಬರೆದ ಮಗುವಿಗೆ ಈ ಭಾರ ಗೊತ್ತಿರಲ್ಲ.

ಈಗ ನನ್ನದೊಂದು ಪ್ರಶ್ನೆ. ಅಜ್ಜಿ ಮನೆಯಲ್ಲಿ ಅವಳು ದಿನಪೂರ್ತಿ ಏನು ಮಾಡುತ್ತಿದ್ದಳು?

ಅದೇ ತಾಯಿ:
ಏನಿಲ್ಲ ಮೇಡಂ, ಸುಮ್ನೆ ಅಜ್ಜಿ ಹಿಂದೆ ಹಿಂದೆ. ಶೇಂಗಾ ಸುಲಿಯೋದು, ಅಕ್ಕಿ ಆರಿಸೋದು, ಕೊಡದಿಂದ ತಂಬಿಗೆಗೆ ನೀರು ತುಂಬೋದು. ಬೆಳಿಗ್ಗೆ ಅಂಗಳದಲ್ಲಿ ಅಜ್ಜಿ ರಂಗೋಲಿ ಚುಕ್ಕಿ ಇಟ್ಟರೆ ಇವಳೂ ಪಕ್ಕದಲ್ಲಿ ಇಡೋಳು. ಅದನ್ನೆಲ್ಲ ಶಾಲೆಯಲ್ಲಿ ಹೇಳೋಕೆ ನಾಚಿಕೆ ಆಯ್ತು.

ಉತ್ತರ:
ಅಯ್ಯೋ ಅಮ್ಮಾ, ಅದನ್ನೇ ಮೊದಲು ಹೇಳಬೇಕಿತ್ತು! ನಮ್ಮಲ್ಲಿ ಮೊದಲ ವರ್ಷ ಮಕ್ಕಳಿಗೆ ಕೊಡೋದೇ ಇವು. ಒಂದು ಜಗ್‌ನಿಂದ ಇನ್ನೊಂದಕ್ಕೆ ಚೆಲ್ಲದ ಹಾಗೆ ನೀರು ಸುರಿಯೋದು, ಕಾಳು ಬೇರೆ ಮಾಡೋದು. ಶೇಂಗಾ ಸುಲಿಯೋಕೆ ಹೆಬ್ಬೆರಳು, ತೋರುಬೆರಳು, ನಡುಬೆರಳು ಸೇರಬೇಕು, ಪೆನ್ಸಿಲ್ ಹಿಡಿಯೋದೂ ಆ ಮೂರೇ ಬೆರಳು. ರಂಗೋಲಿ ಪುಡಿಯನ್ನು ಬೆರಳ ಸಂದಿಯಿಂದ ಎಷ್ಟು ಬೇಕೋ ಅಷ್ಟೇ ಬಿಡೋದು ದೊಡ್ಡವರಿಗೇ ಕಷ್ಟ. ಅಜ್ಜಿ ಅವಳಿಗೆ ಎರಡು ವರ್ಷದ ಪಾಠ ಮಾಡಿ ಕಳಿಸಿದ್ದಾರೆ. ಅವರಿಗೆ ನನ್ನ ನಮಸ್ಕಾರ ಹೇಳಿ.

ಈಗ ಮನೆಯಲ್ಲಿ ಎಬಿಸಿಡಿ ಕಾಪಿ ಬರೆಸಬೇಡಿ. ಬರೆಯಲೇಬೇಕು ಅಂದರೆ ಕನ್ನಡದಿಂದ ಶುರು ಮಾಡಿ, ಅದೂ ನಮ್ಮ ಹಳೇ ಶಾಲೆಯ ಹಾಗೆ ರ, ಗ, ಸ, ದ, ಅ. ಆಕಾರ ಹತ್ತಿರ ಹತ್ತಿರ ಇರೋ ಅಕ್ಷರಗಳು, ಕೈ ಸಲೀಸಾಗಿ ತಿರುಗುತ್ತದೆ. ಉಪ್ಪು ಕಾಗದದಲ್ಲಿ ಕತ್ತರಿಸಿ ರಟ್ಟಿಗೆ ಅಂಟಿಸಿ, ಬೆರಳಲ್ಲಿ ತಿದ್ದುತ್ತಾ ಆ ಅಕ್ಷರದ ಧ್ವನಿ ಹೇಳಲಿ. ದಿನಕ್ಕೆ ಎರಡು ಅಕ್ಷರ ಸಾಕು, ಬೇಡ ಅಂದರೆ ಬಿಟ್ಟುಬಿಡಿ.

ಪ್ರಶ್ನೆ (ಸಿಂಧನೂರಿಂದ ಒಬ್ಬ ತಂದೆ):
ಅಕ್ಕಾ, ನನ್ನ ಮಗನಿಗೆ ಈಗ 5 ವರ್ಷ 10 ತಿಂಗಳು. ಒಂದು ವರ್ಷಕ್ಕಾದರೂ ಹಾಕಲಾ?

ಉತ್ತರ:
ಅಣ್ಣಾ, ನಿಮಗೆ ಬೇರೆ ಉತ್ತರ. ಆ ಶಾಲೆಯಲ್ಲೇ 6ರಿಂದ 12ರ ಮಕ್ಕಳಿಗೂ ಮಾಂಟೆಸ್ಸೊರಿ ಇದ್ದರೆ ಹಾಕಿ, ಮುಂದುವರಿಸಿ. ಒಂದೇ ವರ್ಷ ಇಟ್ಟು, ಆಮೇಲೆ ಬೆಂಚಿನ ಮೇಲೆ ಕೈಕಟ್ಟಿ ಕೂರಿಸೋ ಶಾಲೆಗೆ ಕಳಿಸೋದಾದರೆ ಬೇಡ. ಆರರ ಹೊತ್ತಿಗೆ ಮಗುವಿಗೆ ಗೆಳೆಯರ ಗುಂಪು ಬೇಕಾಗುತ್ತದೆ, ಗುಂಪು ಕಟ್ಟಿಕೊಳ್ಳೋ ಹೊತ್ತಿಗೆ ಕಿತ್ತು ಬೇರೆ ಕಡೆ ಹಾಕಿದ ಹಾಗಾಗುತ್ತದೆ. ನಿಮ್ಮ ಹತ್ತಿರದ ಸರ್ಕಾರಿ ಶಾಲೆಯಲ್ಲಿ ನಲಿಕಲಿ ಚೆನ್ನಾಗಿ ನಡೀತಿದ್ದರೆ ಹೋಗಿ ನೋಡಿ. 1ರಿಂದ 3ನೇ ತರಗತಿ ಮಕ್ಕಳು ಒಟ್ಟಿಗೆ ಕೂತು, ಅವರವರ ವೇಗದಲ್ಲಿ ಕಲಿಯೋ ಪದ್ಧತಿ ಅದು. ಟೀಚರ್ ಮನಸ್ಸಿಟ್ಟು ಮಾಡಿದರೆ ಫೀಸು ಕಟ್ಟೋ ಎಷ್ಟೋ ಶಾಲೆಗಿಂತ ಒಳ್ಳೆಯದು, ಇದನ್ನು ನಾನು ಕಣ್ಣಾರೆ ನೋಡಿ ಹೇಳುತ್ತಿದ್ದೇನೆ.

ಗಂಗಾವತಿಯ ತಾಯಿ:
ಮೇಡಂ, ಕೊನೆಗೊಂದು. ನಾವು ನೋಡಿದ ಶಾಲೆ ನಿಜವಾಗಿ ಮಾಂಟೆಸ್ಸೊರಿಯೇ ಅಂತ ತಿಳಿಯೋದು ಹೇಗೆ?

ಉತ್ತರ:
ಬೋರ್ಡ್ ನೋಡಬೇಡಿ, ಆ ಹೆಸರನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು. ಶಾಲೆ ಶುರುವಾದ ಮೇಲೆ ಬೆಳಿಗ್ಗೆ ಒಂಬತ್ತೂವರೆಗೆ ಹೋಗಿ, ಮೂಲೆಯಲ್ಲಿ ಒಂದು ಗಂಟೆ ಕೂರಲು ಬಿಡಿ ಅಂತ ಕೇಳಿ. ಮೂರರವರೂ ಐದರವರೂ ಒಂದೇ ಕೋಣೆಯಲ್ಲಿ ಇರಬೇಕು. ಎಲ್‌ಕೆಜಿ, ಯುಕೆಜಿ ಅಂತ ಬೇರೆ ಬೇರೆ ಕೋಣೆ ಇದ್ದರೆ ಎದ್ದು ಬನ್ನಿ. ಸಾಮಾನು ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದಾರಾ, ಮಗುವಿನ ಕೈಗೆ ಸಿಗೋ ಎತ್ತರದಲ್ಲಿದೆಯಾ ನೋಡಿ. ಒಂದು ಮಗು ನೀರು ಚೆಲ್ಲೋ ತನಕ ಕಾಯಿರಿ, ಒಂದು ಗಂಟೆಯಲ್ಲಿ ಯಾರಾದರೂ ಚೆಲ್ಲೇ ಚೆಲ್ಲುತ್ತಾರೆ. ಟೀಚರ್ ಬೈದರಾ, ತಾವೇ ಓಡಿ ಬಂದು ಒರೆಸಿದರಾ, ಇಲ್ಲಾ ಒರೆಸೋ ಬಟ್ಟೆ ಎಲ್ಲಿದೆ ಅಂತ ಮಗುವಿಗೆ ತೋರಿಸಿದರಾ? ಮೂರನೆಯದಾದರೆ ಅವತ್ತೇ ಹೆಸರು ಬರೆಸಿ ಬನ್ನಿ.