ಎರಡು ಕಾಯಿಲ್‌ನ ಸಬ್‌ವೂಫರ್: ಸರಣಿಯೋ, ಸಮಾಂತರವೋ?

ಪ್ರಶ್ನೆ:
ನನ್ನ ಕಾರಿನ 12 ಇಂಚಿನ ಸಬ್‌ವೂಫರ್‌ನಲ್ಲಿ (ಬೇಸ್ ಸ್ಪೀಕರ್) ತಲಾ 4 ಓಮ್‌ನ ಎರಡು ವಾಯ್ಸ್ ಕಾಯಿಲ್‌ಗಳಿದ್ದು (ಸ್ಪೀಕರನ್ನು ಕಂಪಿಸುವ ತಂತಿ ಸುರುಳಿಗಳು), ಅದರ ಆರ್‌ಎಂಎಸ್ ಸಾಮರ್ಥ್ಯ, ಅಂದರೆ ಸತತವಾಗಿ ತಾಳಬಲ್ಲ ಶಕ್ತಿ, 500 ವ್ಯಾಟ್. ಮೊನೊ ಆಂಪ್ಲಿಫೈಯರ್ 4 ಓಮ್‌ಗೆ 300, 2 ಓಮ್‌ಗೆ 500 ವ್ಯಾಟ್ ನೀಡುತ್ತದೆ. ಕಾಯಿಲ್‌ಗಳನ್ನು ಹೇಗೆ ಜೋಡಿಸಬೇಕೆಂದು ದಯವಿಟ್ಟು ತಿಳಿಸಿ.

ಉತ್ತರ 1:
ಸಮಾಂತರವಾಗಿ ಜೋಡಿಸಿ. ಪ್ಲಸ್ ತುದಿಗಳೆರಡನ್ನೂ ಒಂದೆಡೆ, ಮೈನಸ್ ತುದಿಗಳೆರಡನ್ನೂ ಇನ್ನೊಂದೆಡೆ ಸೇರಿಸಿದರೆ ಒಟ್ಟು 2 ಓಮ್ ಆಗುತ್ತದೆ. ಸರಣಿಯಲ್ಲಾದರೆ, ಅಂದರೆ ಒಂದು ಕಾಯಿಲ್‌ನ ಮೈನಸ್ಸನ್ನು ಇನ್ನೊಂದರ ಪ್ಲಸ್‌ಗೆ ಸೇರಿಸಿದರೆ, ಅದು 8 ಓಮ್‌ಗೆ ಏರಿ, ಕೊಟ್ಟ ಹಣದ ಅರ್ಧದಷ್ಟು ಶಕ್ತಿಯೂ ನಿಮಗೆ ದಕ್ಕುವುದಿಲ್ಲ. ಡಬ್ಬದ ಮೇಲೆ ದಪ್ಪಕ್ಷರದಲ್ಲಿರುವ ಗರಿಷ್ಠ ವ್ಯಾಟ್ ಕೇವಲ ಜಾಹೀರಾತು. ಆರ್‌ಎಂಎಸ್ ಅಂಕಿಯನ್ನಷ್ಟೇ ನೋಡಿ.

ಉತ್ತರ 2:
ಮೇಲಿನ ಉತ್ತರ ಸರಿ, ಆದರೆ ವೈರಿನ ವಿಷಯದಲ್ಲಿ ಜಿಪುಣತನ ಬೇಡ. ಕ್ಲಾಸ್ ಡಿ ಆಂಪ್ಲಿಫೈಯರ್ (ಕಡಿಮೆ ವಿದ್ಯುತ್ ಪೋಲು ಮಾಡುವ ಬಗೆ) 500 ವ್ಯಾಟ್ ಕೊಡುವಾಗ ಕಾರಿನ ಬ್ಯಾಟರಿಯಿಂದ ಸುಮಾರು 45 ಆಂಪಿಯರ್ ಎಳೆಯುವುದರಿಂದ, 4 ಗೇಜ್ ದಪ್ಪದ ಅಪ್ಪಟ ತಾಮ್ರದ ವೈರನ್ನೇ ಹಾಕಿ, ಬ್ಯಾಟರಿಯಿಂದ 45 ಸೆಂಟಿಮೀಟರ್ ಒಳಗೆ 60 ಆಂಪಿಯರ್ ಫ್ಯೂಸ್ ಕೂರಿಸಿ. ಅರ್ಥ್ ವೈರನ್ನು ಕಾರಿನ ಬಾಡಿಯ ಬಣ್ಣ ಕೆರೆದ ಬರಿಯ ಲೋಹಕ್ಕೇ ಬೋಲ್ಟ್ ಮಾಡಬೇಕು. ನಾನು ಬಣ್ಣದ ಮೇಲೆಯೇ ಬಿಗಿದು, ವಾರಗಟ್ಟಲೆ ಗುಂಯ್‌ಗುಡುವ ಸದ್ದನ್ನು ಸಹಿಸಿದ್ದೇನೆ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಆಂಪ್ಲಿಫೈಯರ್‌ನ ಗೇನ್ ಎಷ್ಟಿರಬೇಕು?

ಉತ್ತರ 1:
ಗೇನ್ ಎಂಬುದು ವಾಲ್ಯೂಮ್ ಅಲ್ಲ, ಸ್ಟೀರಿಯೋದಿಂದ ಬರುವ ಸಿಗ್ನಲ್‌ಗೆ ಆಂಪ್ಲಿಫೈಯರನ್ನು ಹೊಂದಿಸುವ ಗುಂಡಿ. ಸ್ಟೀರಿಯೋವನ್ನು ಮುಕ್ಕಾಲು ವಾಲ್ಯೂಮ್‌ನಲ್ಲಿಟ್ಟು, ಬೇಸ್ ಒಡೆಯಲಾರಂಭಿಸುವವರೆಗೆ ಗೇನನ್ನು ನಿಧಾನವಾಗಿ ಏರಿಸಿ, ಅಲ್ಲಿಂದ ತುಸು ಹಿಂದಕ್ಕೆ ತಿರುಗಿಸಿ. ತಗ್ಗು ಸ್ವರಗಳನ್ನಷ್ಟೇ ಸಬ್‌ವೂಫರ್‌ಗೆ ಬಿಡುವ ಲೋ ಪಾಸ್ ಫಿಲ್ಟರ್ 80 ಹರ್ಟ್ಸ್‌ನಲ್ಲಿರಲಿ.