ಅಮೆರಿಕದ 'ಎಲೆಕ್ಟರ್'ಗೆ ಕನ್ನಡದಲ್ಲಿ ಏನನ್ನೋಣ?

ಅಮೆರಿಕದ ಅಧ್ಯಕ್ಷ ಚುನಾವಣೆಯ ಸುದ್ದಿಯನ್ನು ಕನ್ನಡಕ್ಕೆ ತರುವಾಗ ಪ್ರತಿ ಸಲ ಕಾಲಿಗೆ ತೊಡರುವ ಪದ 'ಎಲೆಕ್ಟರ್'. 'ಮತದಾರ' ಅಂತ ಹಾಕಿ ನೋಡಿ: 'ಪೆನ್ಸಿಲ್ವೇನಿಯಾದ 19 ಮತದಾರರು ಟ್ರಂಪ್ ಕಡೆಗೆ.' ಲಕ್ಷಾಂತರ ಜನ ವೋಟು ಹಾಕಿದ ರಾಜ್ಯದಲ್ಲಿ ಬರೀ 19 ಮಂದಿಯೇ? ಓದುವವರು ಅಲ್ಲೇ ಮುಗ್ಗರಿಸುತ್ತಾರೆ.

ನವೆಂಬರಿನಲ್ಲಿ ಜನ ಹಾಕುವ ವೋಟು ಸೇರುವುದು ಆಯಾ ರಾಜ್ಯದಲ್ಲಿ ಪಕ್ಷ ಮೊದಲೇ ಹೆಸರಿಸಿಟ್ಟ ಎಲೆಕ್ಟರುಗಳ ಪಟ್ಟಿಗೆ. ಆಮೇಲೆ ಅಧ್ಯಕ್ಷರನ್ನು ವೋಟು ಹಾಕಿ ಆರಿಸುವುದು ಈ ಎಲೆಕ್ಟರುಗಳೇ. ಬಹುಪಾಲು ರಾಜ್ಯಗಳ ಮತಪತ್ರದಲ್ಲಿ ಅವರ ಹೆಸರೂ ಇರುವುದಿಲ್ಲ. ಒಟ್ಟು 538: ಅಲ್ಲಿನ ಸಂಸತ್ತಿನ ಎರಡು ಸದನಗಳಾದ ಪ್ರತಿನಿಧಿ ಸಭೆಯ 435, ಸೆನೆಟ್ಟಿನ 100 ಸ್ಥಾನಗಳ ಲೆಕ್ಕಕ್ಕೆ ರಾಜಧಾನಿ ವಾಷಿಂಗ್ಟನ್ನಿನ 3 ಸೇರಿ. ಗೆಲ್ಲಲು 270 ಬೇಕು. ಮೇನ್ ಮತ್ತು ನೆಬ್ರಾಸ್ಕಾ ಬಿಟ್ಟರೆ ಉಳಿದೆಡೆ ಒಂದೇ ವೋಟಿನಿಂದ ಮುಂದಿದ್ದರೂ ಇಡೀ ಪಟ್ಟಿ ಅವರದೇ. ಅದಕ್ಕೇ 2016ರಲ್ಲಿ ದೇಶದಲ್ಲಿ ಹೆಚ್ಚು ವೋಟು ಪಡೆದ ಹಿಲರಿ ಕ್ಲಿಂಟನ್ ಸೋತರು.

'ಆಯ್ಕೆಗಾರ' ಅಂದರೆ? ಕ್ರಿಕೆಟ್ ಆ ಪದವನ್ನು ಆಗಲೇ ತನ್ನದಾಗಿಸಿಕೊಂಡಿದೆ. ಅಲ್ಲಿ ಆಯ್ಕೆಗಾರ ಸ್ವಂತ ವಿವೇಚನೆಯಿಂದ ಆರಿಸುತ್ತಾನೆ. ಎಲೆಕ್ಟರ್ ಮಾಡುವುದು ಒಪ್ಪಿಸಿದ ಕೆಲಸ. ಆದರೂ 2016ರಲ್ಲಿ ಏಳು ಮಂದಿ ಎಲೆಕ್ಟರುಗಳು ತಮ್ಮ ಅಭ್ಯರ್ಥಿಯನ್ನು ಬಿಟ್ಟು ಬೇರೆಯವರಿಗೆ ಹಾಕಿದ ವೋಟು ಎಣಿಕೆಗೆ ಬಂತು. ಹಾಗೆ ಮಾಡಿದವರನ್ನು ರಾಜ್ಯಗಳು ದಂಡಿಸಬಹುದು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ಹಾಗಾಗಿ ಈ ಪದ ನನಗೆ ಒಗ್ಗುವುದಿಲ್ಲ.

ಇನ್ನು ಎಲೆಕ್ಟರುಗಳೆಲ್ಲರ ಕೂಟಕ್ಕಿರುವ ಹೆಸರು 'ಎಲೆಕ್ಟೋರಲ್ ಕಾಲೇಜ್'. 'ಚುನಾವಣಾ ಕಾಲೇಜು' ಅಂದರೆ ಪಾಠ ಹೇಳುವ ಜಾಗ ಅನ್ನಿಸುತ್ತದೆ. ನ್ಯಾಯಮೂರ್ತಿಗಳ ನೇಮಕದಲ್ಲಿ ಕೇಳುವ 'ಕೊಲಿಜಿಯಂ' ಕೂಡ ಇದೇ ಲ್ಯಾಟಿನ್ ಬೇರಿನದು, ಒಂದೇ ಕೆಲಸಕ್ಕೆ ಸೇರಿದವರ ಕೂಟ ಅಂತ. ಹಾಗಾಗಿ 'ಗಣ' ಚೆನ್ನಾಗಿ ಹೊಂದುತ್ತದೆ. ಆದರೆ ಈ ಗಣ ಒಂದೆಡೆ ಸೇರುವುದೇ ಇಲ್ಲ: 2024ರ ಡಿಸೆಂಬರ್ 17ರಂದು ಎಲೆಕ್ಟರುಗಳು ತಂತಮ್ಮ ರಾಜ್ಯಗಳಲ್ಲೇ ಕೂತು ವೋಟು ಹಾಕಿದರು.

ನಮ್ಮ ರಾಷ್ಟ್ರಪತಿ ಚುನಾವಣೆಗೂ ಇದೇ ಹೆಸರು ಇರುವುದರಿಂದ ಗೊಂದಲ ಇನ್ನಷ್ಟು. ಇಲ್ಲಿ ಚುನಾಯಿತ ಸಂಸದರು, ಶಾಸಕರೇ ಗಣ. ಅಮೆರಿಕದಲ್ಲಿ ಇದಕ್ಕೆ ತದ್ವಿರುದ್ಧ. ಸೆನೆಟರ್ ಆಗಲಿ ಪ್ರತಿನಿಧಿ ಸಭೆಯ ಸದಸ್ಯರಾಗಲಿ ಎಲೆಕ್ಟರ್ ಆಗುವಂತಿಲ್ಲ ಅಂತ ಸಂವಿಧಾನವೇ ತಡೆದಿದೆ. ಎರಡಕ್ಕೂ ಒಂದೇ ಪದ ಬಳಸಿದರೆ ಅಲ್ಲೂ ಸಂಸದರೇ ಆರಿಸುತ್ತಾರೆ ಅಂತ ಓದುಗರು ತಿಳಿದುಕೊಳ್ಳುತ್ತಾರೆ.

ನನ್ನ ಸಲಹೆ ಇಷ್ಟು. ವ್ಯಕ್ತಿಗೆ 'ಎಲೆಕ್ಟರ್' ಅಂತಲೇ ಇರಲಿ, ಕೂಟಕ್ಕೆ 'ಎಲೆಕ್ಟರ್ ಗಣ', ಅವರು ಹಾಕುವ ವೋಟಿಗೆ 'ಗಣಮತ'. ಜನ ಹಾಕಿದ್ದಕ್ಕೆ 'ಜನಮತ' ಅನ್ನುವ ಆಸೆ ಆಗುತ್ತದೆ, ಪ್ರಾಸವೂ ಕೂಡುತ್ತದೆ. ಆದರೆ 'ಜನಮತಗಣನೆ' ಆಗಲೇ ಬೇರೆ ಅರ್ಥದಲ್ಲಿ ನೆಲೆ ನಿಂತಿದೆ, 'ಜನರ ವೋಟು' ಸಾಕು. 'ಪೆನ್ಸಿಲ್ವೇನಿಯಾದ 19 ಗಣಮತ ಟ್ರಂಪ್‌ಗೆ' ಅಂದರೆ ನಿಮ್ಮ ಕಿವಿಗೆ ಸರಿ ಕೇಳುತ್ತದೆಯೇ? 'ಚುನಾಯಕ' ಅನ್ನುವವರೂ ಇದ್ದಾರೆ, ಅದರಲ್ಲಿ ನನಗೆ 'ನಾಯಕ'ನೇ ಮೊದಲು ಕೇಳಿಸುತ್ತಾನೆ. ಇದಕ್ಕಿಂತ ಒಳ್ಳೆಯ ಪದ ಬಳಕೆಯಲ್ಲಿದ್ದರೆ ವಾಕ್ಯದ ಸಮೇತ ತಿಳಿಸಿ.